ನೀರು ಕುಡಿಯದ ಹುಡುಗಿಯರು

1998ರಲ್ಲಿ ಶಾಲೆಯ ಹುಡುಗಿಯರನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆ. ಮಧ್ಯಾಹ್ನವಾದರೂ ಯಾರೂ ಒಂದು ಗುಟುಕು ನೀರು ಕುಡಿಯಲಿಲ್ಲ. "ಯಾಕ್ರೇ?" ಎಂದರೆ, "ಕುಡಿದ್ರೆ ಆಮೇಲೆ ಹೋಗೋದೆಲ್ಲಿ ಮಿಸ್?" ಎಂದು ತಲೆ ತಗ್ಗಿಸಿದರು. ಬೆಳಗಿನಿಂದ ಮಾರುಕಟ್ಟೆಯಲ್ಲಿ ಕೂತು ಹೂವು ಮಾರುವ ಹೆಂಗಸರ ಪಾಡೂ ಇದೇ ಅಲ್ಲವೇ ಎಂದು ಆಗ ಹೊಳೆಯಿತು.

ಮರುವರ್ಷ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದರು. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು. ಮಹಾನಗರಪಾಲಿಕೆ, ಜಲಮಂಡಳಿ, ಪೊಲೀಸು ಸೇರಿ ಏಳು ಸಂಸ್ಥೆಗಳ ಅಧಿಕಾರಿಗಳು ಆರು ತಿಂಗಳಿಗೊಮ್ಮೆ ಜನರೆದುರು ಲೆಕ್ಕ ಒಪ್ಪಿಸುವ ಪದ್ಧತಿ ಬಂತು. ಪಾಲಿಕೆಯ ಜಮಾಖರ್ಚು ಹೊಸ ರೀತಿಯಲ್ಲಿ ನಡೆಯಿತು. 2000ದಲ್ಲಿ ಮನೆಗಂದಾಯವನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವಂತಾಯಿತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 'ನಿರ್ಮಲ ಬೆಂಗಳೂರು' ಶೌಚಾಲಯಗಳು ಎದ್ದವು. ಊರಿನ ಅಭಿವೃದ್ಧಿಯೆಂದರೆ ಬರೀ ಕಾರ್ಖಾನೆಯಲ್ಲ. ಹೆಣ್ಣೊಬ್ಬಳು ದಿನವಿಡೀ ನೆಮ್ಮದಿಯಿಂದ ಕೂತು ವ್ಯಾಪಾರ ಮಾಡುವುದೂ ಅಭಿವೃದ್ಧಿಯೇ.

ಆದರೆ ಈ ಕಾರ್ಯಪಡೆಯನ್ನು ನೇಮಿಸಿದ್ದು ಸರ್ಕಾರ. ನಾಗರಿಕರು ಮತ ಹಾಕಿ ಆರಿಸಿದ್ದಲ್ಲ. ಕೌನ್ಸಿಲರುಗಳು ಬದಿಗೆ ಉಳಿದರೆಂಬ ಟೀಕೆ ಆಗಲೇ ಇತ್ತು. 2004ರಲ್ಲಿ ಸರ್ಕಾರ ಬದಲಾದಾಗ ಅದರ ಕೆಲಸವೂ ನಿಂತಿತು. ಉದ್ಯಮಿಗಳ ಹಣ, ಜಾಣತನ ಎರಡೂ ಬೇಕು, ನಿಜ. ಆದರೆ ಒಬ್ಬ ಮುಖ್ಯಮಂತ್ರಿಯ ಜೊತೆ ಬಂದದ್ದು ಅವರ ಜೊತೆಯೇ ಹೋಗುತ್ತದೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನಗಳನ್ನು ನಮಗೇ ಮೀಸಲಿಟ್ಟಿದೆ. ಕಟ್ಟಿಸಿದವರು ಯಾರೇ ಆಗಲಿ, ಶೌಚಾಲಯದ ಬಾಗಿಲಿಗೆ ಬೀಗ ಬಿದ್ದ ದಿನ "ಯಾಕೆ?" ಎಂದು ಕೇಳಬೇಕಾದವರು ಅಲ್ಲಿ ಕೂತ ಹೆಂಗಸರು, ಮತ್ತು ಅವರನ್ನು ಆರಿಸಿದ ನಾವು.