ಪದ ಪರಿಚಯ: ವಲಸೆ

ವಲಸೆ

ಕಬ್ಬಿನ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳ ಬದಿಗೆ ಮರಾಠವಾಡದ ಗ್ಯಾಂಗುಗಳು ಬಂದಿಳಿಯುತ್ತವೆ. ಕೂಲಿಗಳನ್ನು ಕರೆತರುವ ಮುಕಾದಮನಿಂದ ಮುಂಗಡ ಪಡೆದ ಗಂಡ-ಹೆಂಡತಿ, ಮಕ್ಕಳು, ನೀರಿನ ಕೊಡ, ಕುಡುಗೋಲು. ಇವರು ಕಡಿಯದಿದ್ದರೆ ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಗಳ ಗಾಣ ತಿರುಗುವುದು ಕಷ್ಟ. ಪತ್ರಿಕೆಗಳಲ್ಲಿ ಇವರು ‘ವಲಸೆ ಕಾರ್ಮಿಕರು’. ಪಕ್ಕದ ಕಾಲಮಿನಲ್ಲೇ ಅಮೆರಿಕದ ‘ವಲಸೆ ನೀತಿ’.

ಹಳೆಯ ಅರ್ಥ ಇಷ್ಟು ಸೌಮ್ಯವಲ್ಲ. ತೆಲುಗಿನ ವಲಸ, ತಮಿಳಿನ ವಲಸೈ ಇದರ ಸೋದರ ಪದಗಳು. ನಿಘಂಟುಗಳು ಕೊಡುವ ಅರ್ಥ, ಶತ್ರುಸೈನ್ಯದ ಭಯಕ್ಕೆ ಮನೆಮಠ ಬಿಟ್ಟು ಹೋಗುವುದು. ಬಂದು ನೆಲೆಸುವವರ ಸುಳಿವು ಅದರಲ್ಲಿಲ್ಲ. ಹೀಗಾಗಿ ದೇಶಕ್ಕೆ ಬರುವುದನ್ನು ಒಳವಲಸೆ, ದೇಶ ಬಿಟ್ಟು ಹೋಗುವುದನ್ನು ಹೊರವಲಸೆ ಎಂದು ಕಟ್ಟಿಕೊಳ್ಳಬೇಕಾಯಿತು. ಅಮೆರಿಕ 1990ರಲ್ಲಿ ಎಚ್-1ಬಿ ವೀಸಾ ತಂದದ್ದೂ 2025ರಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ್ದೂ ಒಳವಲಸೆಯ ನೀತಿ. ಮೊದಲನೆಯದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ದಾರಿ ತೆರೆಯಿತು, ಎರಡನೆಯದು ಅವುಗಳ ಲೆಕ್ಕಾಚಾರ ಕೆಡಿಸಿತು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ ಅನುಮತಿ ಕೇಳುವ ನಮ್ಮ 1983ರ ಕಾಯ್ದೆ ಹೊರವಲಸೆಯದು. ಸುದ್ದಿಮನೆಗಳು ಈ ಭೇದ ಉಳಿಸಿಕೊಂಡರೆ ಓದುಗರಿಗೆ ಅರ್ಧ ಗೊಂದಲ ತಪ್ಪುತ್ತದೆ.

ದುಡಿಮೆಗಾಗಿ ಊರು ಬಿಡುವ ವಲಸೆಗೆ ಉತ್ತರ ಕರ್ನಾಟಕದ ಬಾಯಿಮಾತಿನಲ್ಲಿ ಗುಳೆ ಎನ್ನುತ್ತಾರೆ: ‘ಊರಾಗ ಯಾರೂ ಇಲ್ರಿ, ಗುಳೆ ಹೋಗ್ಯಾರ.’ ಬರಕ್ಕೆ ಹೊರಟು ಮಳೆಗೆ ಮರಳುವ ಪಯಣ ಅದು. ಮರಾಠಿಯವರಿಗೆ ‘ಸ್ಥಲಾಂತರ’, ಕನ್ನಡದಲ್ಲಿ ಆ ಪದ ಹೆಚ್ಚಾಗಿ ಕಚೇರಿ, ಅಂಗಡಿಗಳ ಪಾಲಾಗಿದೆ.

ಟಿಕೆಟ್ ಸಿಗದ ನಾಯಕರು ಪಕ್ಷ ಬದಲಿಸಿದರೂ ‘ವಲಸೆ’ ಎನ್ನುವ ಚಾಳಿ ಬಂದಿದೆ. ಅವರ ಬೆನ್ನಿಗೆ ಯಾವ ಸೈನ್ಯವೂ ಇಲ್ಲ, ‘ಜಿಗಿತ’ ಸಾಕು.