ಸಣ್ಣ ಟೈರಿನ ಹಠ, ಬಳಿಗಾರನ ಗುಟ್ಟು

ಅಕ್ಕಾರ, ತಂಗ್ಯಾರ, ಕಾಕು-ವೈನಿ ಎಲ್ಲಾರೂ ಇವತ್ತ ಅಡಗಿಮನಿ ಬಿಟ್ಟು ಸ್ವಲ್ಪ ಹಿತ್ತಲಕ್ಕ ಬರ್ರಿ. ನಮ್ಮ ಟಿಲ್ಲರಿನ ಟೈರ್ ನಾನ ಮನ್ಯಾಗ ಏರಿಸ್ತೀನಿ ಅಂತ ಗೊತ್ತಾದ ಮ್ಯಾಲ ಬಾಜೂ ಮನಿ ಕಾಕು ಒಂದು ಛಲೋ ಪ್ರಶ್ನೆ ಕೇಳಿದ್ರು: "ಆಳೆತ್ತರದ ಟ್ರ್ಯಾಕ್ಟರ್ ಟೈರ್ ಏರತೈತಿ, ಈ ಗೇಣುದ್ದದ ಟೈರ್ ಯಾಕವ್ವಾ ಇಷ್ಟ ಹಠ ಮಾಡತೈತಿ?" ಈ ಹಠಕ್ಕ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಐತಿ. ಅದು ತಿಳಿದ್ರ ಅರ್ಧ ಕೆಲಸ ಮುಗಿದಂಗ.

ಗಾಲಿಗೆ ಬಿಗಿಯಾದ ಬಳಿ ತೊಡಿಸೋದು ನಮ್ಮ ಊರುಗಳಿಗೆ ಹೊಸದೇನಲ್ಲ. ಚಕ್ಕಡಿ ಗಾಲಿಗೆ ಕಮ್ಮಾರ ಹಳಿ ಏರಿಸೋದನ್ನ ನಮ್ಮ ಹಿರ್ಯಾರು ನೋಡ್ಯಾರ. ಕಬ್ಬಿಣದ ಹಳಿಯನ್ನ ಗಾಲಿಗಿಂತ ಒಂಚೂರು ಸಣ್ಣದಾಗಿ ಮಾಡಿ, ಸುತ್ತ ಕುಳ್ಳು ಪೇರಿಸಿ ಕೆಂಪಗ ಕಾಸತಿದ್ರು. ಕಾದ ಹಳಿ ಹಿಗ್ಗತಿತ್ತು. ಇಕ್ಕಳದಾಗ ಹಿಡಿದು ಕಟ್ಟಿಗಿ ಗಾಲಿ ಮ್ಯಾಲ ಕೂಡಿಸಿ ನೀರು ಸುರುವಿದ್ರ ಕುಗ್ಗಿ ಗಟ್ಟಿ ಕಚ್ಚಿಕೊಳ್ಳತಿತ್ತು. ಅಲ್ಲಿ ಹಿಗ್ಗೋದು ಬಳಿ, ಗಾಲಿ ಇದ್ದಂಗ ಇರತೈತಿ. ಆದರ ರಬ್ಬರ್ ಟೈರನ್ನ ಹಂಗ ಬೆಂಕಿಗೆ ಹಾಕಾಕ ಬರೂದಿಲ್ಲ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ತಗೊಂಡಾಂವ ಸ್ಕಾಟ್ಲಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರೊಳಗ. ಆಗ ಅವಗ ಬರೇ 23 ವರ್ಷ. ರಬ್ಬರ್ ಬಳಿದ ಬಟ್ಟಿ ಕೊಳವಿ ಒಳಗ, ತೊಗಲು ಹೊರಗ. ಬೋಲ್ಟ್ ಹಾಕಿ ಗಾಲಿಗೆ ಬಿಗಿದಿದ್ದ. ಆದರ ಜನ ಅದನ್ನ ಮರತೇ ಬಿಟ್ರು. ನಾಲ್ಕು ದಶಕದ ಮ್ಯಾಲ ಬೆಲ್‌ಫಾಸ್ಟಿನಾಗ ದನದ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್ಲಪ್, ಮಗನ ಮೂರು ಗಾಲಿ ಸೈಕಲ್ಲು ಕಲ್ಲಿನ ದಾರ್‍ಯಾಗ ಕುಲುಕೋದು ನೋಡಿ ಮತ್ತ ಅದೇ ವಿಚಾರ ಮಾಡಿದ. 1888ಕ್ಕ ಪೇಟೆಂಟ್ ಸಿಕ್ತು. ಥಾಮ್ಸನ್ನನ ಹಳೇ ಪೇಟೆಂಟ್ ಬೆಳಕಿಗೆ ಬಂದಾಗ ಡನ್ಲಪ್ಪನ ಹಕ್ಕು ಹೋತು, ಹೆಸರು ಮಾತ್ರ ಉಳೀತು.

ಆದರ ಆ ಟೈರ್ ಗಾಲಿಗೆ ಅಂಟಿಸಿದ್ದು. ಪಂಕ್ಚರ್ ಆದ್ರ ಅಂಟು ಕಿತ್ತು, ತೇಪಿ ಹಚ್ಚಿ, ಮತ್ತ ಅಂಟಿಸಿ, ಒಣಗೂತನಕ ರಾತ್ರಿಯೆಲ್ಲಾ ಕಾಯಬೇಕು. ಫ್ರಾನ್ಸಿನ ಕ್ಲೆರ್ಮಾಂಟ್-ಫೆರಾಂಡ್ ಊರಾಗ ರಬ್ಬರ್ ಕಾರಖಾನಿ ನಡಸತಿದ್ದ ಮಿಶೆಲಿನ್ ಅಣ್ಣತಮ್ಮಂದಿರ ಕಡೆ ಇಂಥದ್ದೊಂದು ಸೈಕಲ್ ರಿಪೇರಿಗೆ ಬಂತು. ದಾರಿ ಮ್ಯಾಲ ಹೋಗಾಂವ ತಾನ ಕೈಯಾರೆ ಬಿಚ್ಚಿ ಹಾಕೋ ಟೈರ್ ಬೇಕು ಅಂತ ಅವರಿಗೆ ಹೊಳೀತು. 1891ರೊಳಗ ಮಾಡಿ ತೋರಿಸಿದ್ರು. ಅದೇ ವರ್ಷ ಆ ಟೈರ್ ಹಾಕ್ಕೊಂಡು ಶಾರ್ಲ್ ಟೆರೊಂಟ್ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಬರೋ ಸುಮಾರು 1200 ಕಿಲೋಮೀಟರಿನ ಸೈಕಲ್ ಪಂದ್ಯ ಗೆದ್ದ.

ಆದರ ಇವತ್ತ ನಮ್ಮ ಹಿತ್ತಲದಾಗ ನಡಿಯೋ ಉಪಾಯ ಇಂಗ್ಲಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್‌ನದು, 1890ರದು. ಟೈರಿನ ಎರಡೂ ಅಂಚಿನೊಳಗ ಹಿಗ್ಗದಂಥ ತಂತಿ ಬಳಿ ಇಟ್ಟ. ರಿಮ್ಮಿನ ನಡುವ ಒಂದು ತಗ್ಗು ಮಾಡಿದ. ಅಷ್ಟ. ಆ ಪೇಟೆಂಟನ್ನ ಡನ್ಲಪ್ ಕಂಪನಿ ಕೊಂಡುಕೊಂತು.

ತಗ್ಗು ಯಾಕ ಅಂತೀರೇನು? ಬಳಿಗಾರನ್ನ ನೆನಸ್ಕೋರಿ. ಗಾಜಿನ ಬಳಿ ಹಿಗ್ಗೂದಿಲ್ಲ, ಜೋರು ಮಾಡಿದ್ರ ಒಡಿತೈತಿ. ಅಂವ ಏನು ಮಾಡತಾನ? ಕೈಗೆ ಸಾಬಾಣ ಹಚ್ಚಿ, ಹೆಬ್ಬೆರಳು ಅಂಗೈಯೊಳಗ ಮಡಚಿ, ಕೈನ ಸಣ್ಣದು ಮಾಡತಾನ. ಬಳಿ ಸುಮ್ಮನ ಸರಿತೈತಿ. ಟೈರಿನ ಅಂಚು ಗಾಜಿನ ಬಳಿ, ರಿಮ್ಮು ಕೈ, ನಡುವಿನ ತಗ್ಗು ಹೆಬ್ಬೆರಳು ಮಡಚೋ ಜಾಗ. ಒಂದು ಕಡೆ ಅಂಚನ್ನ ತಗ್ಗಿನೊಳಗ ಇಳಿಸಿದ್ರ, ಎದುರಿನ ಕಡೆ ದಾಟೋವಷ್ಟು ಸಡಿಲು ಸಿಗತೈತಿ. ಗಾಳಿ ತುಂಬಿದ ಮ್ಯಾಲ ಅಂಚು ತಗ್ಗಿನಿಂದ ಎದ್ದು ರಿಮ್ಮಿನ ಎರಡೂ ಮಗ್ಗಲಕ್ಕ ಹೋಗಿ ಕೂಡತೈತಿ. ಆಮ್ಯಾಲ ಹೊರಗ ಬರೂದಿಲ್ಲ.

ಹೊಲಕ್ಕ ಈ ಟೈರ್ ಬಂದದ್ದು ತಡಾ ಆಗಿ. ಅಮೆರಿಕಾದ ಟ್ರ್ಯಾಕ್ಟರಿಗೆ ಮೊದಲು ಹಲ್ಲಿನ ಕಬ್ಬಿಣದ ಗಾಲಿ ಇದ್ವು, ಡಾಂಬರ್ ರಸ್ತೆ ಕೆಡಸತಿದ್ವು. 1932ರೊಳಗ ಆಲಿಸ್-ಚಾಮರ್ಸ್ ಕಂಪನಿ ತನ್ನ ಮಾಡೆಲ್ ಯು ಟ್ರ್ಯಾಕ್ಟರಿಗೆ ಫೈರ್‌ಸ್ಟೋನ್ ರಬ್ಬರ್ ಟೈರ್ ಹಾಕಿಸ್ತು. ಪ್ರಯೋಗಕ್ಕ ಮೊದಲು ಬಳಸಿದ್ದು ವಿಮಾನದ ಟೈರ್! ಮಹಾಯುದ್ಧ ಮುಗಿದ ಮ್ಯಾಲ ಅಲ್ಲಿ ಮನಿ ಅಂಗಳದ ಸಣ್ಣ ಟ್ರ್ಯಾಕ್ಟರ್ ಬಂದ್ವು: 1961ಕ್ಕ ಕಬ್ ಕೆಡೆಟ್, 1963ಕ್ಕ ಜಾನ್ ಡಿಯರ್ 110. ನಮ್ಮಲ್ಲಿ 1936ರೊಳಗ ಬಂಗಾಳದ ಸಾಹಾಗಂಜಿನಾಗ ಡನ್ಲಪ್ ಕಾರಖಾನಿ ಆತು. ಚಕ್ಕಡಿಗೂ ಟೈರ್ ಬಂದು, ಎತ್ತಿನ ಹೆಗಲಿಗೆ ಒಂಚೂರು ಹಗುರಾತು. 1967ರೊಳಗ ಬೆಂಗಳೂರಾಗ ಜಪಾನಿನ ಮಿತ್ಸುಬಿಷಿ ಜೋಡಿ ವಿಎಸ್‌ಟಿ ಕಂಪನಿ ಸುರು ಆಗಿ, ಪವರ್ ಟಿಲ್ಲರ್ ನಮ್ಮ ಹೊಲಗಳಿಗೆ ಬಂದ್ವು.

ಈಗ ಕಾಕುನ ಪ್ರಶ್ನೆಗೆ ಉತ್ತರ. ಟೈರಿನ ಮ್ಯಾಲ 6.00-12 ಅಂತ ಇದ್ರ ಕಡೀ ಅಂಕಿ ರಿಮ್ಮಿನ ಅಡ್ಡಳತಿ, ಇಂಚಿನಾಗ. ದೊಡ್ಡ ಗಾಲಿಗೆ ರಿಮ್ಮಿನ ಅಂಚು ಅರ್ಧ ಇಂಚು ಎದ್ದಿದ್ರ ಲೆಕ್ಕಕ್ಕಿಲ್ಲ. 6 ಅಥವಾ 8 ಇಂಚಿನ ಗಾಲಿಗೆ ಅದೇ ಅರ್ಧ ಇಂಚು ಗುಡ್ಡ. ಬಳಿ ಸಣ್ಣದು, ಮಗ್ಗಲು ಬಿರುಸು, ಸಲಾಕಿ ಆಡಸಾಕ ಜಾಗ ಇಲ್ಲ. ಹಠ ಅಲ್ಲಿಂದ ಬರತೈತಿ.

ನಾ ಮಾಡೋದು ಹಿಂಗ. ಟೈರನ್ನ ಒಂದು ತಾಸು ಬಿಸಲಾಗ ಇಡ್ತೀನಿ, ಮೆತ್ತಗಾಗತೈತಿ. ಅಂಚಿಗೆ ಸಾಬಾಣದ ನೀರು ಹಚ್ಚತೀನಿ. ಚಿಮಣಿ ಎಣ್ಣಿ, ಇಂಜಿನ್ ಎಣ್ಣಿ ಬ್ಯಾಡ, ರಬ್ಬರ್ ಕೆಡತೈತಿ. ಟ್ಯೂಬ್ ಇದ್ರ ಅದಕ್ಕ ಒಂದೀಟು ಗಾಳಿ ತುಂಬತೀನಿ, ಸಲಾಕಿಗೆ ಸಿಗೂದಿಲ್ಲ. ಎದುರಿನ ಕಡೆ ಮೊಣಕಾಲು ಊರಿ ಅಂಚನ್ನ ತಗ್ಗಿನಾಗ ಇಳಿಸಿ, ಇತ್ತಾಗ ಸಲಾಕಿಲೆ ಬೆರಳಗಲ ಬೆರಳಗಲ ಏರಿಸ್ತೀನಿ. ಭಾಳ ಜೋರು ಬೇಕಾತು ಅಂದ್ರ ಅಂಚು ತಗ್ಗು ಬಿಟ್ಟು ಎದ್ದೈತಿ ಅಂತ ಅರ್ಥ. ನಿಲ್ಲಿಸಿ ಮತ್ತ ಇಳಿಸಬೇಕು. ಟ್ಯೂಬ್ ಇಲ್ಲದ ಟೈರ್ ಗಾಳಿ ಹಿಡೀದಿದ್ರ ಸುತ್ತ ಪಟ್ಟಿ ಕಟ್ಟಿ ಬಿಗಿದ್ರ ಅಂಚು ಹೊರಗ ಸರದು ರಿಮ್ಮಿಗೆ ತಾಗತೈತಿ. ಅಂಚು ಕೂತ ಕೂಡ್ಲೆ ಪಟ್ಟಿ ಬಿಚ್ಚಬೇಕು.

ಎರಡು ಮಾತು ಮಾತ್ರ ಮರೀಬ್ಯಾಡ್ರಿ. ಟೈರಿನ ಮಗ್ಗಲಕ್ಕ ಬರೆದಷ್ಟಕ್ಕಿಂತ ಹೆಚ್ಚು ಗಾಳಿ ತುಂಬಬಾರದು. ಉರಿಯೋ ಸ್ಪ್ರೇ ಹೊಡದು ಕಡ್ಡಿ ಗೀರಿ ಕೂಡಿಸೋರು ಅದಾರ, ಅದು ಜೀವಕ್ಕ ಕುತ್ತು. ಎರಡು ಹೋಳು ಕೂಡಿಸಿ ಬೋಲ್ಟ್ ಹಾಕಿದ ರಿಮ್ಮಾದ್ರ, ಗಾಳಿ ಪೂರ್ತಿ ಬಿಡದ ಬೋಲ್ಟಿಗೆ ಕೈ ಹಚ್ಚಬಾರದು.

ಗಂಡಸರು ಗೋವಾ, ಬೆಂಗಳೂರು ಅಂತ ದುಡಿಯಾಕ ಹೋದ ಮನಿ ನಮ್ಮ ಓಣ್ಯಾಗ ಎಷ್ಟದಾವ, ನಿಮಗ ಗೊತ್ತು. ಮಳಿ ಬಂದು ಹದ ಆದಾಗ ಟಿಲ್ಲರ್ ಎರಡು ದಿನ ನಿಂತ್ರ ಬಿತ್ತಿಗಿ ತಪ್ಪತೈತಿ. ಅಂಟಿಸಿದ ಟೈರನ್ನ ಬಿಚ್ಚೋ ಟೈರ್ ಮಾಡಿದವರು ಬೇಡಿದ್ದೂ ಇಷ್ಟ: ದಾರಿ ಮ್ಯಾಲ ನಿಂತಾಂವ ಯಾರ ದಾರಿನೂ ಕಾಯಬಾರದು. ಅದು ನಮಗೂ ಸಲ್ಲತೈತಿ. ಇದಕ್ಕ ರಟ್ಟಿ ಬಲ ಬ್ಯಾಡ, ಬಳಿಗಾರನ ತಾಳ್ಮಿ ಸಾಕು.