ರೈನ್ ನದಿಯ ಸುಂಕದ ಕೋಟೆ

1817ರಲ್ಲಿ ಆಂಗ್ಲ ಚಿತ್ರಕಾರನಾದ ಟರ್ನರನು ಜರ್ಮನಿಯ ರೈನ್ ನದಿಯ ತೀರದಲ್ಲಿ ಸಂಚರಿಸಿ ಸುಮಾರು ಐವತ್ತು ಜಲವರ್ಣ ಚಿತ್ರಗಳನ್ನು ರಚಿಸಿದನು. ಅವುಗಳಲ್ಲೊಂದರ ವಸ್ತು ಸಾಂಕ್ಟ್ ಗೋರ್ಸ್‌ಹೌಸನ್ ಎಂಬ ಊರು ಮತ್ತು ಅದರ ನೆತ್ತಿಯ ಮೇಲೆ ಪಾಳುಬಿದ್ದ ಕಾಟ್ಸ್ ಕೋಟೆ. ನೋಡುವವರಿಗೆ ಅದು ಬರಿಯ ರಮಣೀಯ ದೃಶ್ಯ. ಆದರೆ ಆ ಗೋಡೆಗಳನ್ನು ಕಟ್ಟಿಸಿದುದು ಸೌಂದರ್ಯವಲ್ಲ, ಸುಂಕ.

ಅಲ್ಲಿ ನದಿಯು ಕಡಿದಾದ ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ದ್ರಾಕ್ಷಾರಸದ ಪೀಪಾಯಿಗಳನ್ನು ಹೊತ್ತು ಇಳಿದುಬರುವ ದೋಣಿಗಳಿಗೂ, ಹಗ್ಗ ಕಟ್ಟಿ ಎಳೆಯಿಸಿಕೊಂಡು ಮೇಲೇರುವ ದೋಣಿಗಳಿಗೂ ತಪ್ಪಿಸಿಕೊಂಡು ಹೋಗಲು ಬೇರೆ ದಾರಿಯಿರಲಿಲ್ಲ. ಕಾಟ್ಸೆನೆಲ್ನ್‌ಬೋಗನ್ ಮನೆತನದ ಐದನೆಯ ಡೀಟರನು ಇದನ್ನರಿತು 1245ರಲ್ಲಿ ಎದುರು ದಡದ ಮೇಲೆ ರೈನ್‌ಫೆಲ್ಸ್ ಕೋಟೆಯನ್ನು ಕಟ್ಟಿಸಿದನು. ಮುಂದಿನ ಶತಮಾನದಲ್ಲಿ ಅದೇ ವಂಶದವರು ಈಚೆ ದಡದಲ್ಲಿ ಕಾಟ್ಸ್ ಕೋಟೆಯನ್ನೆಬ್ಬಿಸಿದರು. ಹೀಗೆ ನದಿಯು ಇಕ್ಕುಳದಲ್ಲಿ ಸಿಕ್ಕಿಬಿದ್ದಿತು.

ಸುಂಕವೆತ್ತುವ ಹಕ್ಕು ಚಕ್ರವರ್ತಿಯಿಂದ ದೊರೆಯಬೇಕಾದುದು. ಅದಕ್ಕೆ ಪ್ರತಿಯಾಗಿ ಪ್ರಯಾಣಿಕರಿಗೆ ರಕ್ಷಣೆಯೀಯುವುದು ಪ್ರಭುವಿನ ಹೊಣೆ. ಆದರೆ ಚಕ್ರವರ್ತಿಯ ಅಧಿಕಾರ ಕುಂದಿದಾಗ ಹಕ್ಕು ಉಳಿಯಿತು, ಹೊಣೆ ಸಡಿಲವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನೆಂದು, ಮೈನ್ಸ್, ವರ್ಮ್ಸ್ ಮೊದಲಾದ ನಗರಗಳು 1254ರಲ್ಲಿ ಒಕ್ಕೂಟವನ್ನು ಕಟ್ಟಿದವು; ಮರುವರ್ಷ ರೈನ್‌ಫೆಲ್ಸನ್ನು ಮುತ್ತಿದವು. ಒಂದು ವರ್ಷಕ್ಕೂ ಮೀರಿ ಮುತ್ತಿಗೆ ನಡೆದರೂ ಕೋಟೆ ಬಗ್ಗಲಿಲ್ಲ. ದೋಣಿಗಳು ಮತ್ತೆ ಸುಂಕ ತೆತ್ತು ಸಾಗಿದವು. ಆ ಹೊರೆ ಕೊನೆಗೆ ಸರಕು ಕೊಳ್ಳುವವನ ಮೇಲೆಯೇ ಬಿದ್ದಿತು.

ವರ್ತಕರಿಂದಾಗದ ಕೆಲಸವನ್ನು ಫ್ರೆಂಚರ ಮದ್ದು ಮಾಡಿತು. 1797ರ ವೇಳೆಗೆ ರೈನ್‌ಫೆಲ್ಸ್ ಸಿಡಿದುಬಿದ್ದಿತು. 1806ರಲ್ಲಿ ನೆಪೋಲಿಯನ್ನನ ಆಜ್ಞೆಯಿಂದ ಕಾಟ್ಸ್ ನಾಶವಾಯಿತು. ಟರ್ನರನು ಕಂಡುದು ಈ ಅವಶೇಷಗಳನ್ನು. ಆದರೆ ವಿಚಿತ್ರವೆಂದರೆ, ಅವನು ಅಲ್ಲಿ ಸುತ್ತಾಡುತ್ತಿದ್ದಾಗಲೂ ನದಿಯಲ್ಲಿ ಸುಂಕವೆತ್ತುವುದು ನಿಂತಿರಲಿಲ್ಲ! ಕೋಟೆ ಬಿದ್ದರೂ ಸುಂಕ ಬೀಳಲಿಲ್ಲ. 1815ರಲ್ಲಿ ವಿಯೆನ್ನಾ ಸಮ್ಮೇಳನವು ನೌಕಾಸಂಚಾರದ ಸ್ವಾತಂತ್ರ್ಯವನ್ನು ತತ್ತ್ವವಾಗಿ ಸಾರಿತ್ತು. ಆ ಮಾತು ಪೂರ್ಣವಾಗಿ ಆಚರಣೆಗೆ ಬರಲು, ನದಿಯ ದಡದ ಆರು ರಾಜ್ಯಗಳು ಮಾನ್‌ಹೈಮ್ ನಗರದಲ್ಲಿ ಒಡಂಬಡಿಕೆಗೆ ಸಹಿ ಹಾಕಿದ 1868ನೆಯ ಇಸವಿಯವರೆಗೆ ಕಾಯಬೇಕಾಯಿತು.

ಗೋಡೆಯನ್ನು ಕೆಡವಲು ಒಂದು ದಿನದ ಮದ್ದು ಸಾಕು. ಗೋಡೆಯ ಹಿಂದಿದ್ದ ಹಕ್ಕನ್ನು ಕೆಡವಲು ನೆರೆಹೊರೆಯ ರಾಜ್ಯಗಳು ಒಟ್ಟಿಗೆ ಕುಳಿತು, ತಂತಮ್ಮ ಲಾಭವನ್ನು ಬಿಟ್ಟುಕೊಡಬೇಕಾಯಿತು. ಚಿತ್ರದಲ್ಲಿ ಕಾಣುವುದು ಮೊದಲನೆಯದು. ಚರಿತ್ರೆಯಲ್ಲಿ ನಾವು ಹುಡುಕಬೇಕಾದುದು ಎರಡನೆಯದು.